ಮೇಷ್ಟ್ರಿಗೆ ಓದುವವರು

ರಂಜನಿ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಅವಳ ಗಂಡ ರಘುನಂದನ, "ಯಾವ ಹೊತ್ತಲ್ಲಿ?" ಎಂದು ತಿರುಗಿ ಕೇಳುತ್ತಿದ್ದ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅವಳು ತುಮಕೂರಿನ ಒಂದು ಖಾಸಗಿ ಕಾಲೇಜಿನ ಲೈಬ್ರೇರಿಯನ್. ಊಟವಾದ ಮೇಲೆ ಚಿಕ್ಕಪೇಟೆಯ ಪ್ರೆಸ್ಸಿನಲ್ಲಿ ಕೂತು ಲಗ್ನಪತ್ರಿಕೆ, ಸ್ಮರಣ ಸಂಚಿಕೆಗಳ ಕರಡು ತಿದ್ದುವವಳು. ಸನ್ಮಾನ, ಪುಸ್ತಕ ಬಿಡುಗಡೆ, ಗೃಹಪ್ರವೇಶಗಳಿಗೆ ಕರೆದರೆ ರೇಷ್ಮೆ ಸೀರೆ ಉಟ್ಟು ಮೈಕಿನ ಮುಂದೆ ನಿಲ್ಲುವ ನಿರೂಪಕಿ. ಯಾವುದಾದರೂ ಶಾಲೆಯವರು ಹೊಸದಾಗಿ ಲೈಬ್ರರಿ ಮಾಡುತ್ತೇವೆ ಎಂದರೆ ವಾರಗಟ್ಟಲೆ ಧೂಳು ಕುಡಿದು, ಪುಸ್ತಕಗಳಿಗೆ ನಂಬರು ಅಂಟಿಸಿ, ಜೋಡಿಸಿ ಕೊಟ್ಟು ಬರುವವಳೂ ಅವಳೇ.

ಇಷ್ಟೆಲ್ಲದರ ನಡುವೆ ಅವಳು ಮನಸಾರೆ ಕಾಯುತ್ತಿದ್ದದ್ದು ಭಾನುವಾರಕ್ಕೆ. ಆವತ್ತು ಹೆಬ್ಬೂರಿನ ಮೇಲೆ ಹೋಗುವ ಪ್ರೈವೇಟ್ ಬಸ್ಸು ಹತ್ತಿ ಕುಣಿಗಲ್ಲಿಗೆ ಹೋಗುತ್ತಿದ್ದಳು. ಅಲ್ಲಿ ಮಹಾಲಿಂಗಯ್ಯನವರು ಎಂಬ ನಿವೃತ್ತ ಕನ್ನಡ ಮೇಷ್ಟ್ರಿದ್ದರು. ಕಣ್ಣಿನ ನರ ಒಣಗಿ ದೃಷ್ಟಿ ಪೂರ್ತಿ ಹೋಗಿತ್ತು. ಕೆಳಗೆ ಮಗ ಮಲ್ಲಿಕಾರ್ಜುನನ ಮೆಡಿಕಲ್ ಸ್ಟೋರು, ಮೇಲೆ ಮನೆ, ಮನೆಯ ತುಂಬ ಪುಸ್ತಕ. ಅವುಗಳನ್ನು ಜೋಡಿಸಿಕೊಡಿ ಎಂದು ಮೂರು ವರ್ಷದ ಹಿಂದೆ ರಂಜನಿಯನ್ನು ಕರೆಸಿದ್ದವನು ಮಲ್ಲಿಕಾರ್ಜುನನೇ. ಜೋಡಿಸುವುದು ಮುಗಿದ ದಿನ ಮೇಷ್ಟ್ರು, "ಎಲ್ಲ ಸಾಲಾಗಿ ನಿಂತ್ವು. ಆದ್ರೆ ನನ್ ಪಾಲಿಗೆ ಈಗ ಇವು ಗೋಡೆ ಇದ್ದಂಗೆ" ಎಂದಿದ್ದರು. ಆವತ್ತೇ ರಂಜನಿ ಒಂದು ಪುಸ್ತಕ ತೆಗೆದು ಓದಲು ಕೂತಿದ್ದಳು. ಅಲ್ಲಿಂದ ಪ್ರತಿ ಭಾನುವಾರ ಓದು.

ಅವಳ ಓದು ಎಂದರೆ ಓದು. ಉಚ್ಚಾರದಲ್ಲಿ ಒಂದು ಎಳೆ ಹೆಚ್ಚುಕಮ್ಮಿ ಇಲ್ಲ. ಮೇಷ್ಟ್ರು ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಾಡಿಸುತ್ತ ಕೇಳುತ್ತಿದ್ದರು. ಮುಗಿದ ಮೇಲೆ, "ತುಂಬಾ ಚೆನ್ನಾಗಿ ಓದಿದ್ರಿ ರಂಜನಿಯವ್ರೇ" ಎನ್ನುತ್ತಿದ್ದರು. ಆ ಮಾತು ಅವಳಿಗೆ ಒಂದು ವಾರಕ್ಕೆ ಸಾಕಾಗುತ್ತಿತ್ತು.

ಕಾರ್ತಿಕದ ಚಳಿಗೆ ಒಮ್ಮೆ ಅವಳ ಗಂಟಲು ಕಟ್ಟಿತು. ಮೇಷ್ಟ್ರು ಕಾಯುತ್ತಾರಲ್ಲ ಎಂದು ನಂದಿತಾಗೆ ಫೋನ್ ಮಾಡಿದಳು. ನಂದಿತಾ ಅಮೃತೂರಿನ ಹುಡುಗಿ, ಲೈಬ್ರರಿ ಸೈನ್ಸ್ ಓದುವಾಗ ರಂಜನಿಯ ಕೈಕೆಳಗೆ ತರಬೇತಿಗೆ ಬಂದಿದ್ದಳು. ಗುಬ್ಬಿಯ ಶಾಲೆಯೊಂದರ ಲೈಬ್ರರಿಯನ್ನು ರಂಜನಿಯೇ ಕಟ್ಟಿಕೊಟ್ಟು, ಅಲ್ಲಿ ಕೆಲಸಕ್ಕೂ ಅವಳನ್ನು ಸೇರಿಸಿದ್ದಳು. ವಾರದ ಕೊನೆಗೆ ಹುಡುಗಿ ಊರಿಗೆ ಹೋಗುತ್ತಿದ್ದಳು. ಕುಣಿಗಲ್ ಹೇಗೂ ದಾರಿಯಲ್ಲೇ.

"ನನ್ ಓದು ಅವ್ರಿಗೆ ಹಿಡ್ಸುತ್ತಾ ಮೇಡಂ?" ಎಂದು ನಂದಿತಾ ಹೆದರಿದಳು.

"ಒಂದ್ ವಾರ ಕಣೇ. ಅಡ್ಜಸ್ಟ್ ಮಾಡ್ಕೋತಾರೆ ಬಿಡು."

ಗಂಟಲು ಸರಿಹೋಗಲು ಎರಡು ಮೂರು ವಾರ ಹಿಡಿಯಿತು. ಸರಿಹೋಯಿತು, ಈ ಭಾನುವಾರ ಬರುತ್ತೇನೆ ಎಂದು ಹೇಳಲು ಫೋನ್ ಮಾಡಿದರೆ, ಮೇಷ್ಟ್ರ ಹೆಂಡತಿ ಸರ್ವಮಂಗಳಮ್ಮ ಅಕ್ಕರೆಯಿಂದಲೇ ಅಂದರು: "ನೀವ್ಯಾಕಮ್ಮ ಅಷ್ಟು ದೂರ ಬಸ್ಸಲ್ಲಿ ಕುಲುಕಾಡ್ಕೊಂಡು ಬರ್ತೀರಿ? ಆ ಹುಡ್ಗಿ ಬರ್ತಾವ್ಳಲ್ಲ. ನಮ್ಮನೆಯವ್ರೂ ಅವಳನ್ನ ಭಾಳ ಹಚ್ಕೊಂಡವ್ರೆ. ಶನಿವಾರದಿಂದ್ಲೇ ಬಂದ್ಲಾ ಬಂದ್ಲಾ ಅಂತ ಕೇಳ್ತಿರ್ತಾರೆ."

ರಂಜನಿ, "ಒಳ್ಳೇದಾಯ್ತಮ್ಮ" ಎಂದು ಫೋನಿಟ್ಟಳು. ಇಟ್ಟವಳು ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿದರೂ ನೋಡುತ್ತಲೇ ನಿಂತಿದ್ದಳು. ತನಗಾಗಿ ಮೇಷ್ಟ್ರು ಹೀಗೆ ಕಾದರು ಎಂದು ಮೂರು ವರ್ಷದಲ್ಲಿ ಒಂದು ಸಲವೂ ಯಾರೂ ಹೇಳಿರಲಿಲ್ಲ.

"ಯಾರೋ ಒಬ್ರು ಓದ್ತಾರೆ, ಅವ್ರು ಕೇಳ್ತಾರೆ. ನಿನಗೇನೇ ಕಷ್ಟ?" ಎಂದ ರಘುನಂದನ.

"ಯಾರೋ ಒಬ್ರಲ್ಲ. ಆ ಹುಡ್ಗಿಗೆ ಅಕಾರ ಹಕಾರ ನೆಟ್ಟಗೆ ಬರಲ್ಲ!"

ಅವನು ನಕ್ಕ. ಅವಳಿಗೆ ಆ ನಗುವೂ ಉರಿಯಿತು.

ಆ ಭಾನುವಾರ ಅವಳು ಯಾರಿಗೂ ಹೇಳದೆ ಕುಣಿಗಲ್ಲಿಗೆ ಹೋದಳು. ಮೆಟ್ಟಿಲು ಹತ್ತುವಾಗಲೇ ನಂದಿತಾಳ ದನಿ ಕೇಳಿಸಿತು. ಬಾಗಿಲು ಅರ್ಧ ತೆರೆದಿತ್ತು. ರಂಜನಿ ಗೋಡೆಗೆ ಒರಗಿ ನಿಂತಳು.

"ರಾಜನು ರಣರಂಗದಲ್ಲಿಯೇ ಹಸು ನೀಗಿದನು..." ನಂದಿತಾ ಓದುತ್ತಿದ್ದಳು.

"ನಿಲ್ಸು ನಿಲ್ಸು. ಏನ್ ನೀಗಿದ?"

"ಹಸು, ಮೇಷ್ಟ್ರೇ."

"ಅಲ್ಲಮ್ಮಾ, ಯುದ್ಧಕ್ಕೆ ಹೋದೋನು ಹಸು ಯಾಕೆ ಹೊಡ್ಕೊಂಡು ಹೋದ? ಅಸು ಕಣೇ, ಅಸು! ಪ್ರಾಣ ಬಿಟ್ಟ ಅಂತ. ನಿನ್ ಕೈಗೆ ಸಿಕ್ಕಿದ್ರೆ ಅವನು ಹಾಲು ಕರ್ಕೊಂಡೇ ಸಾಯ್ತಿದ್ದ."

ಮೇಷ್ಟ್ರು ಕೆಮ್ಮು ಬರುವಷ್ಟು ನಕ್ಕರು. ಒಳಗಿಂದ ಸರ್ವಮಂಗಳಮ್ಮನೂ ನಕ್ಕರು. ಆಮೇಲೆ ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗೆ ಕೂತು, ಆ ಪದ ಎಲ್ಲೆಲ್ಲಿ ಬರುತ್ತದೆ, ಹೇಗೆ ಬರುತ್ತದೆ ಎಂದು ಹೇಳತೊಡಗಿದರು. ದನಿ ದೊಡ್ಡದಾಯಿತು, ಕೈ ಗಾಳಿಯಲ್ಲಿ ಬೋರ್ಡಿನ ಮೇಲೆ ಬರೆದಂತೆ ಆಡಿತು. ಆ ಮನುಷ್ಯ ಅಷ್ಟು ಎಚ್ಚರವಾಗಿದ್ದದ್ದನ್ನು ರಂಜನಿ ನೋಡಿರಲೇ ಇಲ್ಲ. ಎಲ್ಲಕ್ಕಿಂತ ಅವಳಿಗೆ ಚುಚ್ಚಿದ್ದು ಆ 'ಕಣೇ'. ತನಗೆ ಇಂದಿಗೂ 'ರಂಜನಿಯವ್ರೇ', 'ನೀವು'. ಈ ನಿನ್ನೆ ಮೊನ್ನೆಯವಳಿಗೆ 'ಕಣೇ'!

ಅವಳು ಸದ್ದಿಲ್ಲದೆ ಇಳಿದು ಬಂದಳು. ಅಂಗಡಿಯಲ್ಲಿದ್ದ ಮಲ್ಲಿಕಾರ್ಜುನ, "ಇದೇನ್ ಮೇಡಂ, ಬಂದೋರು ಹಂಗೇ ಹೊರಟ್ರಿ?" ಎಂದದ್ದಕ್ಕೆ, "ಅರ್ಜೆಂಟ್ ಫೋನ್ ಬಂತು" ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಆ ವಾರ ಪೂರ್ತಿ ಅವಳಿಗೆ ಯಾವ ಕೆಲಸವೂ ಕೈಗೆ ಹತ್ತಲಿಲ್ಲ. ಪ್ರೆಸ್ಸಿನಲ್ಲಿ ವರನ ಹೆಸರು ತಪ್ಪಿದ್ದ ಲಗ್ನಪತ್ರಿಕೆಯನ್ನು ಹಾಗೇ ಬಿಟ್ಟು ಓನರ್ ವೆಂಕಟರಂಗಯ್ಯನವರಿಂದ ಬೈಸಿಕೊಂಡಳು. ಎಷ್ಟು ವರ್ಷ ತಪ್ಪಿಲ್ಲದೆ ಓದಿದೆನಲ್ಲ, ತಪ್ಪು ಓದಿದವಳಿಗೆ ಸಿಕ್ಕಿತು ಆ ನಗು ಎಂದು ಒಳಗೇ ಕುದಿಯಿತು. ಶುಕ್ರವಾರ, ಏನು ಮಾಡುತ್ತಿದ್ದೇನೆ ಎಂದು ಯೋಚಿಸುವ ಮೊದಲೇ ನಂದಿತಾಗೆ ಫೋನ್ ಮಾಡಿ ಹೇಳಿಬಿಟ್ಟಳು: "ಈ ವಾರ ಹೋಗ್ಬೇಡ ಕಣೇ. ಮೇಷ್ಟ್ರು ಕಣ್ಣಿನ ಚೆಕಪ್‌ಗೆ ಬೆಂಗ್ಳೂರಿಗೆ ಹೋಗ್ತಿದಾರಂತೆ."

"ಹೌದಾ ಮೇಡಂ? ನಂಗೇನೂ ಹೇಳ್ಲೇ ಇಲ್ವಲ್ಲ" ಎಂದಳು ನಂದಿತಾ, ಅನುಮಾನವಿಲ್ಲದೆ.

ಭಾನುವಾರ ರಂಜನಿ ತಾನೇ ಹೋದಳು. ಹೆಜ್ಜೆ ಸದ್ದಿಗೇ ಮೇಷ್ಟ್ರ ಮುಖ ಅರಳಿತು. "ನಂದಿತಾನಾ?"

"ಅಲ್ಲ ಮೇಷ್ಟ್ರೇ, ರಂಜನಿ. ಅವಳಿಗೆ ಈ ವಾರ ಆಗಲಿಲ್ಲವಂತೆ."

"ಓ... ಬನ್ನಿ ಬನ್ನಿ, ಕೂತ್ಕೊಳ್ಳಿ." ಅರಳಿದ ಮುಖ ಮರ್ಯಾದೆಯ ಮುಖವಾಯಿತು. ಅದು ಅವಳಿಗೆ ಕಾಣದೆ ಹೋಗಲಿಲ್ಲ.

ಓದಲು ತೊಡಗಿದಳು. ಮೇಷ್ಟ್ರು ಕಣ್ಣು ಮುಚ್ಚಿದರು. ಎರಡು ಪುಟ ಹೋಯಿತು. ಅವಳಿಗೆ ತಡೆಯಲಾಗಲಿಲ್ಲ. ಮುಂದೆ 'ಧನವನ್ನೆಲ್ಲ ದಾನ ಮಾಡಿದನು' ಎಂದು ಇದ್ದದ್ದನ್ನು ಬೇಕೆಂದೇ, "ದನವನ್ನೆಲ್ಲ ದಾನ ಮಾಡಿದನು" ಎಂದು ಓದಿ, ಉಸಿರು ಹಿಡಿದು ಕಾದಳು.

ಮೇಷ್ಟ್ರು ನಗಲಿಲ್ಲ. ಕಣ್ಣು ತೆರೆದು ಅವಳ ದಿಕ್ಕಿಗೆ ಮುಖ ತಿರುಗಿಸಿದರು. "ರಂಜನಿಯವ್ರೇ, ಇನ್ನೂ ಹುಷಾರಿಲ್ವಾ ನಿಮ್ಗೆ? ಈ ತಪ್ಪು ನಿಮ್ ಬಾಯಲ್ಲಿ ಬರೋದಲ್ಲ."

ಅಷ್ಟರಲ್ಲಿ ಒಳಗೆ ಸರ್ವಮಂಗಳಮ್ಮನ ಫೋನು ಹೊಡೆದುಕೊಂಡಿತು. "ಯಾರು, ನಂದಿತಾನಾ? ಬೆಂಗ್ಳೂರಿಗಾ? ಇಲ್ಲ ಕಣವ್ವ, ಇಲ್ಲೇ ಕೂತವ್ರೆ. ಯಾರ್ ಹೇಳಿದ್ದು ನಿಂಗೆ?" ಆಮೇಲೆ ಮೆಲ್ಲಗೆ, "ರಂಜನಿಯವ್ರಾ?"

ರಂಜನಿಯ ಕಿವಿ ಕಾದುಹೋಯಿತು. ಪುಸ್ತಕ ಮುಚ್ಚಿದಳು. ಸರ್ವಮಂಗಳಮ್ಮ ಬಾಗಿಲಿಗೆ ಬಂದು ಅವಳ ಮುಖ ನೋಡಿ ಒಳಗೆ ಹೋದರು.

"ನಾನೇ ಸುಳ್ಳು ಹೇಳಿದ್ದು ಮೇಷ್ಟ್ರೇ" ಎಂದಳು ರಂಜನಿ. "ಅವಳು ಬರಬಾರದು ಅಂತ."

"ನೀವು ಓದುವಾಗ ನಾನು ಸುಮ್ನೆ ಕೂತು ಕೇಳ್ಬೋದು. ಅದೂ ಸುಖಾನೇ" ಎಂದರು ಮೇಷ್ಟ್ರು. "ಆದ್ರೆ ಕಣ್ಣು ಹೋದಾಗಿಂದ ಎಲ್ರೂ ನನ್ನನ್ನ ಸುಮ್ನೆ ಕೂರ್ಸೋರೇ. ಆ ಹುಡ್ಗಿ ಒಬ್ಬಳು ನನ್ ಕೈಲಿ ಕೆಲಸ ಮಾಡಿಸ್ತಾಳೆ. ಅದಕ್ಕೆ ಕಾಯ್ತೀನಿ." ಮತ್ತೆ, "ಅವಳಿಗೆ ನೀವು ಸುಳ್ಳು ಹೇಳ್ಬಾರ್ದಿತ್ತು" ಎಂದರು. ಮೇಷ್ಟ್ರು ಎಂದೂ ಅವಳನ್ನು ಬೈದಿರಲಿಲ್ಲ.

ಮರುದಿನ ಕಾಲೇಜು ಲೈಬ್ರರಿಗೆ ನಂದಿತಾ ಬಂದಳು. ಶಾಲೆಗೆ ರಜೆ ಹಾಕಿ ಗುಬ್ಬಿಯಿಂದ ಬಂದಿದ್ದಳು. ಕಣ್ಣು ಕೆಂಪಾಗಿತ್ತು.

"ನೀವೇ ಹೋಗ್ತೀನಿ ಅಂದಿದ್ರೆ ನಾನು ಬಿಟ್ಟುಬಿಡ್ತಿದ್ದೆ ಮೇಡಂ. ಸುಳ್ಳು ಯಾಕ್ ಹೇಳಿದ್ರಿ? ನಾನೇನ್ ತಪ್ಪು ಮಾಡಿದೆ?"

ರಂಜನಿ ಹಿಂದಿನ ರಾತ್ರಿಯೆಲ್ಲ ಕಟ್ಟಿಕೊಂಡಿದ್ದ ಸಮಜಾಯಿಷಿ ಬಾಯಿಗೆ ಬರಲಿಲ್ಲ. "ಹೊಟ್ಟೆಕಿಚ್ಚು ಕಣೇ" ಎಂದಳು. "ಬೇರೇನೂ ಅಲ್ಲ. ಬರೀ ಹೊಟ್ಟೆಕಿಚ್ಚು. ತಪ್ಪಾಯ್ತು."

ನಂದಿತಾ ಬೆಂಚಿನ ಮೇಲೆ ಕೂತಳು. "ನಿಮಗೆ ನನ್ ಮೇಲಾ?" ಎಂದಳು. "ಪ್ರತಿ ವಾರ ನನ್ ತಪ್ಪು ತಿದ್ದಿ ತಿದ್ದಿ ಕೊನೆಗೆ ಮೇಷ್ಟ್ರು ಏನಂತಾರೆ ಗೊತ್ತಾ? 'ರಂಜನಿಯವ್ರ ಥರ ಓದ್ಬೇಕು ಅಂದ್ರೆ ನೀನು ಇನ್ನೂ ಹತ್ ವರ್ಷ ಓದ್ಬೇಕು' ಅಂತಾರೆ. ನಿಮ್ ಹೆಸರು ಎತ್ತಿದ್ರೇನೇ ನಂಗೆ ಉರಿದುಹೋಗುತ್ತೆ."

ರಂಜನಿಗೆ ಥಟ್ಟನೆ ಖುಷಿಯಾಯಿತು. ಎದುರಿಗೆ ಹುಡುಗಿ ಕಣ್ಣೊರೆಸಿಕೊಳ್ಳುತ್ತಿರುವಾಗ ಅಷ್ಟು ಖುಷಿಯಾಯಿತಲ್ಲ ಎಂದು ನಾಚಿಕೆಯೂ ಆಯಿತು. ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿದಳು. ಒಂದು ವಾರ ಒಬ್ಬರು, ಇನ್ನೊಂದು ವಾರ ಇನ್ನೊಬ್ಬರು ಎಂದು ಅಲ್ಲೇ ತೀರ್ಮಾನವಾಯಿತು. ನಂದಿತಾ ಕೂಡಲೇ ನಗಲಿಲ್ಲ. ಅದಕ್ಕೆ ಎಷ್ಟೋ ವಾರ ಬೇಕಾದವು.

ನಂದಿತಾಳ ಭಾನುವಾರಗಳಂದು ರಂಜನಿ ನಿರೂಪಣೆಯ ಕೆಲಸ ಒಪ್ಪಿಕೊಳ್ಳತೊಡಗಿದಳು. ಮನೆಯಲ್ಲಿ ಕೂತರೆ ಮನಸ್ಸು ಕುಣಿಗಲ್ಲಿಗೇ ಓಡುತ್ತಿತ್ತು. ಗುಬ್ಬಿಯಲ್ಲಿ ಒಂದು ಸನ್ಮಾನ ಸಮಾರಂಭ ಮುಗಿಸಿ, ಹಾರ ತುರಾಯಿಗಳ ನಡುವೆ ನಿಂತೇ ನಂದಿತಾಗೆ ಫೋನ್ ಮಾಡಿದಳು.

"ಇವತ್ತು ಹೆಂಗಿತ್ತೇ?"

"ಒಂದೂ ತಪ್ಪು ಬರ್ಲಿಲ್ಲ ಮೇಡಂ. ಮೇಷ್ಟ್ರಿಗೆ ಬೇಜಾರಾಗೋಯ್ತು."

ರಂಜನಿ ನಕ್ಕಳು. ಮರುದಿನ ಕಾಲೇಜಿನಲ್ಲಿ ಏಣಿ ಹಾಕಿ, ಮೇಲಿನ ಕಪಾಟಿನಿಂದ ಒಂದು ಹಳೆಯ, ನಾಲಿಗೆ ತೊಡರುವಂಥ ಕನ್ನಡದ ದಪ್ಪ ಪುಸ್ತಕ ಇಳಿಸಿ, ತನ್ನ ಕಾರ್ಡಿನ ಮೇಲೆ ಬರೆದುಕೊಂಡು, ನಂದಿತಾಗೆಂದು ಎತ್ತಿಟ್ಟಳು. ಮೇಷ್ಟ್ರಿಗೆ ಕೈತುಂಬ ಕೆಲಸ ಸಿಗಲಿ ಎಂದು. ಹುಡುಗಿ ಪುಟಕ್ಕೊಂದು ಸಲ ಎಡವುತ್ತಾಳೆ ಎಂಬ ಸಣ್ಣ ಸಂತೋಷವೂ ಅದರ ಜೊತೆಗಿತ್ತು, ಅದನ್ನವಳು ಯಾರಿಗೂ ಹೇಳಲಿಲ್ಲ.