ಅರ್ಧ ಮೀಸೆಯ ಸಾಕ್ಷಿ

ನಮ್ಮ ಸೋದರತ್ತೆ ಸುಳ್ಳು ಹೇಳುವಾಗ ಕಣ್ಣು ಕೂಡ ಪಿಳುಕಿಸುವುದಿಲ್ಲ. ಗೊತ್ತಿದ್ದೂ ಅವಳನ್ನು ನಮ್ಮ ಕಚೇರಿಗೆ ಕರೆದುಕೊಂಡು ಹೋದವಳು ನಾನು, ಅನುಭವಿಸಿದವಳೂ ನಾನೇ. ಯುದ್ಧ ಕಂಡ ಸಾಮಾನ್ಯ ಜನರ ನೆನಪುಗಳನ್ನು ನಾವು ಧ್ವನಿಮುದ್ರಿಸಿ ಕಾಪಾಡುತ್ತೇವೆ. ಯಂತ್ರದ ಗುಂಡಿ ಒತ್ತಿ, ಬಾಯಿ ಮುಚ್ಚಿಕೊಂಡು ಕೂರುವುದು ನನ್ನ ಕೆಲಸ. ಬಾಯಿ ಮುಚ್ಚುವುದು ನನಗೆಷ್ಟು ಕಷ್ಟ ಅಂತ ಬೇಕಾದರೆ ನನ್ನ ಗಂಡನನ್ನು ಕೇಳಿ.

ಅತ್ತೆಗಾಗ ಎಂಟು ವರ್ಷವಂತೆ. ಬಾಂಬಿಗೆ ಹೆದರಿ ಇಡೀ ಬೀದಿಯೇ ಒಬ್ಬ ಮನೆ ಮಾಲೀಕನ ನೆಲಮಾಳಿಗೆ ಸೇರಿತ್ತು. ಮಕ್ಕಳು ಕಿಸಕ್ಕೆಂದರೆ ಸಾಕು, ಆ ಪುಣ್ಯಾತ್ಮ ಕಿವಿ ಹಿಂಡುತ್ತಿದ್ದ. ಒಂದು ಮಧ್ಯಾಹ್ನ ಅವನು ಗೊರಕೆ ಹೊಡೆಯುತ್ತಿದ್ದಾಗ ಬೀದಿಯ ಕ್ಷೌರಿಕ ಅವನ ಅರ್ಧ ಮೀಸೆ ಕತ್ತರಿಸಿಬಿಟ್ಟನಂತೆ. ಮಾಲೀಕ ಎದ್ದು, ಮುಖ ಸವರಿಕೊಂಡು, ಹಾರಾಡಿ ಕೂಗಾಡಿ ಕ್ಷೌರಿಕನನ್ನು ಹೊರಗಟ್ಟಿ ಅಗುಳಿ ಹಾಕಿಸಿದ. ಹಸಿವು, ಸೈರನ್ನು ಎಲ್ಲಕ್ಕೂ ಸೇರಿ ಅತ್ತೆ ಕೊಟ್ಟಿದ್ದು ಎರಡು ನಿಮಿಷ, ಮೀಸೆಗೆ ಅರ್ಧ ಗಂಟೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ನಗುವೂ ಧ್ವನಿಮುದ್ರಣವಾಗಿ ಮೇಲಧಿಕಾರಿಯಿಂದ ಉಗಿಸಿಕೊಂಡೆ.

ನಮ್ಮಲ್ಲೊಂದು ನಿಯಮವಿದೆ. ಯಾರ ಮೇಲಾದರೂ ಆರೋಪ ಬಂದರೆ, ಅವರು ಬದುಕಿದ್ದರೆ ಕರೆಸಿ ಕೇಳಿಸಬೇಕು. ಅವರು ಸಹಿ ಹಾಕಿದ ಮೇಲೆಯೇ ಆ ನೆನಪು ಕಪಾಟು ಸೇರುವುದು.

"ಕ್ಷೌರಿಕ ಸಿಕ್ಕಿದ್ರು ಅತ್ತೆ. ಮಗಳ ಮನೇಲಿದ್ದಾರಂತೆ, ಗುರುವಾರ ಬರ್ತಾರೆ," ಎಂದೆ.

ಅತ್ತೆಯ ಮುಖ ಬಿಳಿಚಿಕೊಂಡಿತು. "ಅವರು ಅವತ್ತೇ ಬಾಂಬಿಗೆ ಸಿಕ್ಕಿ ಹೋಗಿಬಿಟ್ರು ಅಂದ್ಕೊಂಡಿದ್ನಲ್ಲೇ. ಅದನ್ನ ಅಳಿಸಿಬಿಡು."

"ಅಳಿಸೋ ಹಾಗಿಲ್ಲ. ಯಾಕೆ?"

"ಮೀಸೆ ಕತ್ತರಿಸಿದ್ದು ನಾನು ಕಣೇ. ಅವರ ಕತ್ತರಿ ಎತ್ಕೊಂಡು ಕತ್ತರಿಸಿದೆ. ಅವರನ್ನ ಹೊರಗೆ ದಬ್ಬುವಾಗ ಅಮ್ಮನ ಬೆನ್ನ ಹಿಂದೆ ಸುಮ್ನೆ ಕೂತಿದ್ದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಬೈಯಲು ಬಾಯಿ ತೆರೆದರೆ, ಗುರುವಾರ ಎಷ್ಟು ಗಂಟೆಗೆ ಬರಬೇಕು ಅಂತ ಅವಳಾಗಲೇ ಕೇಳುತ್ತಿದ್ದಳು.

ಗುರುವಾರ ಮುದುಕ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೋಲೂರಿಕೊಂಡು ಬಂದ. ಅವನು ಕುರ್ಚಿಯಲ್ಲಿ ಕೂರುವ ಮೊದಲೇ ಅತ್ತೆ ಎಲ್ಲವನ್ನೂ ಒಂದೇ ಉಸಿರಿಗೆ ಕಕ್ಕಿಬಿಟ್ಟಳು.

"ನನ್ನ ಕತ್ತರಿ ನಿನ್ನ ಕೈಲಿ ನೋಡಿದ್ದೆ, ಗೊತ್ತಿತ್ತು ಬಿಡು," ಎಂದ ಮುದುಕ. "ಅಷ್ಟು ಸೊಟ್ಟಗೆ ನಾನು ಜನ್ಮದಲ್ಲಿ ಕತ್ತರಿಸಿಲ್ಲ. ಅದನ್ನ ನನ್ನ ಕೆಲಸ ಅಂದ್ರಲ್ಲ, ಅದಕ್ಕೇ ಇವತ್ತಿಗೂ ಹೊಟ್ಟೆ ಉರಿಯುತ್ತೆ."

"ಹೊರಗೆ ಹಾಕಿದ ಮೇಲೆ ಎಲ್ಲಿದ್ರಿ?" ಎಂದು ಕೇಳಿದೆ.

"ಇನ್ನೆಲ್ಲಿ? ಅವನ ಮನೇಲೇ. ಅವರೆಲ್ಲ ಕೆಳಗಿದ್ರಲ್ಲ, ಮೇಲೆ ತಂತಿ ತೂರಿಸಿ ಬೀಗ ತೆಗೆದು ಒಳಗೆ ಹೋದೆ. ಹನ್ನೊಂದು ದಿನ ಅವನ ಮೆತ್ತನೆ ಹಾಸಿಗೆ ಮೇಲೆ ರಾಜನ ಹಾಗೆ ಮಲಗಿದ್ದೆ. ಅವನ ಸೋಪಲ್ಲೇ ಗಡ್ಡ ಹೆರೆದ್ಕೊಂಡೆ."

ನಾನು ಮತ್ತೆ ನಕ್ಕೆ. ಅತ್ತೆ ನಗಲಿಲ್ಲ. "ಬಾಂಬು ಬೀಳ್ತಿತ್ತು. ಹೆದರಿಕೆ ಆಗ್ಲಿಲ್ವಾ?"

ಮುದುಕ ಕೋಲನ್ನು ಗೋಡೆಗೆ ಒರಗಿಸಿಟ್ಟ. "ಆಯ್ತಮ್ಮ. ಹಾಸಿಗೆ ಮೇಲೆ ಅನ್ನೋದು ನಾನು ಎಲ್ಲರಿಗೂ ಬಿಡೋ ಸುಳ್ಳು. ಹನ್ನೊಂದು ದಿನವೂ ಮಂಚದ ಕೆಳಗೇ ಇದ್ದೆ."

"ಮತ್ತೆ ನನ್ನ ಹೆಸರು ಯಾಕೆ ಹೇಳ್ಲಿಲ್ಲ?"

"ನಿಂಗಾಗ ಎಂಟು ವರ್ಷ," ಎಂದ. "ನಿನ್ನ ಹೊರಗೆ ಹಾಕಿದ್ರೆ ನಿಂಗೆ ಬೀಗ ತೆಗೆಯೋಕೆ ಬರ್ತಿತ್ತಾ?"

ಅತ್ತೆ ಅವನ ಕೈ ಹಿಡಿದುಕೊಂಡು ದನಿ ತೆಗೆದು ಅಳತೊಡಗಿದಳು.