ಮೇಲೆ ತೇಲಿದ ಕಸ

ಹಿತ್ತಿಲ ಬಾಗಿಲಿಂದ ಬಾವಿಕಟ್ಟೆಗೆ, ಬಾವಿಕಟ್ಟೆಯಿಂದ ಮತ್ತೆ ಬಾಗಿಲಿಗೆ ನಿಶಾ ಬೆಳಗಿನಿಂದ ಓಡಾಡುತ್ತಿದ್ದಳು. ತೆಂಗಿನ ಮರಗಳ ಆಚೆ ಹೊಳೆಯಂಚಿನ ಗಜನಿ ಗದ್ದೆ ಕಾಣುತ್ತಿತ್ತು. ಕೊಯ್ಲು ಮುಗಿದು ಕೂಳೆ ಮಾತ್ರ ಉಳಿದಿತ್ತು. ಇವತ್ತು ಕಡಲ ಭರತ ಏರಿದಾಗ ಮೈದುನ ರಾಜು ಗದ್ದೆಗೂ ಹೊಳೆಗೂ ನಡುವಿನ ಕಟ್ಟೆಯ ಬಾಗಿಲ ಹಲಗೆ ಎತ್ತುತ್ತಾನೆ. ಉಪ್ಪುನೀರು ಒಳಗೆ ಬಂದರೆ ಮುಂದಿನ ಮಳೆಗಾಲದವರೆಗೆ ಗದ್ದೆ ಮೀನು, ಸಿಗಡಿಗಳದ್ದು.

ಆ ಕಟ್ಟೆಯ ಬುಡದ ಹಸಿ ಕೆಸರಿನಲ್ಲಿ ಎಳ್ಳಿಗಿಂತ ಚಿಕ್ಕ ಜೀರುಂಡೆಗಳಿದ್ದವು. ಮದುವೆಯಾದ ವರ್ಷ ಅವುಗಳನ್ನು ಮೊದಲು ಕಂಡದ್ದು ಅವಳಲ್ಲ, ಗಂಡ ಸತೀಶ. ಕಾಲು ತೊಳೆಯಲೆಂದು ಬೊಗಸೆ ನೀರು ಚೆಲ್ಲಿ, "ನಿಶಾ, ಬಾರೆ ಇಲ್ಲಿ, ಕೆಸರೇ ಓಡ್ತದೆ" ಎಂದು ಕೂಗಿದ್ದ. ಅವಳ ಕೈಗೆ ಸಿಕ್ಕಿದ್ದು ಒಂದೇ. ಅದು ಯಾವ ಜಾತಿಯೆಂದು ಯಾರಿಗೂ ಗೊತ್ತಾಗಲಿಲ್ಲ. ಒಂದರಿಂದ ಏನೂ ಹೇಳಲಾಗದು, ಇನ್ನಷ್ಟು ಬೇಕು ಎಂದರು ಅವಳ ಪಿಎಚ್‌ಡಿ ಗೈಡ್. ಆಮೇಲೆ ಈ ಆಷಾಢದಲ್ಲಿ ಅವರ್ಸಾದ ಹೆದ್ದಾರಿಯಲ್ಲಿ ಸತೀಶನ ಬೈಕಿಗೆ ಲಾರಿ ಬಡಿಯಿತು. ಅವನು ಉಳಿಯಲಿಲ್ಲ. ನಿಶಾ ವಿಶ್ವವಿದ್ಯಾಲಯದ ಕಡೆ ಹೋಗಲಿಲ್ಲ. ಕೋಡಿಬಾಗದ ತವರಿಗೂ ಹೋಗಲಿಲ್ಲ.

ಕಳೆದ ವಾರ ಗೈಡ್ ಫೋನ್ ಮಾಡಿದ್ದರು. "ಈ ಸಲ ಹುಳ ತಂದರೆ ಮುಂದುವರಿಸೋಣ. ಇಲ್ಲದಿದ್ದರೆ ಬಿಟ್ಟುಬಿಡೋದೇ ಒಳ್ಳೇದು, ನಿಶಾ." ನೀರು ಬಿಟ್ಟರೆ ಆ ಕೆಸರು ಮುಳುಗುತ್ತದೆಂದು ಗೊತ್ತಿದ್ದೂ ನಾಳೆ, ನಾಳೆ ಎಂದು ಅವಳು ವಾರ ಕಳೆದಳು. ಇವತ್ತು ಬೆಳಿಗ್ಗೆ, ಬಾಯಿಂದ ಉಸಿರೆಳೆದು ಹುಳವನ್ನು ಸೀಸೆಯೊಳಗೆ ಹೀರುವ ರಬ್ಬರ್ ನಳಿಗೆ ಹಿಡಿದು ಹೊರಟಾಗ ರಾಜು ಅಂಗಳದಲ್ಲಿ ಅಡ್ಡ ನಿಂತ.

"ನೀರು ಬಿಡೂ ದಿವ್ಸ ಬೇಡ ಅತ್ತಿಗೆ. ಅಣ್ಣ ಹೋಗಿ ವರ್ಷ ತುಂಬ್ಲಿಲ್ಲ. ಮೀನು ಬರ್ದೇ ಹೋದ್ರೆ ಎಲ್ಲಾರೂ ನಂಗೇ ಹೇಳ್ತ್ರು."

"ಮೀನಿಗೆ ನನ್ನ ಗುರುತು ಇದೆಯಾ?"

"ಮೀನಿಗಿಲ್ಲ. ಊರಿಗೆ ಅದೆ" ಎಂದು ನೆಲ ನೋಡುತ್ತ ಅವನು ಪೂಜೆಯ ತೆಂಗಿನಕಾಯಿ ಎತ್ತಿಕೊಂಡು ಹೋದ.

ಅತ್ತೆ ಲಲಿತಾ ಒಲೆಯ ಮುಂದಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಒಂದು ತಪ್ಪಲೆ ಹಿಡಿದು ಹಿತ್ತಿಲಿಂದ ಇಳಿದು ಹೋಗಿದ್ದಳು. ಈಗ ಮೊಣಕಾಲವರೆಗೆ ಕೆಸರಾಗಿ ಬಂದು ತಪ್ಪಲೆಯನ್ನು ಬಾವಿಕಟ್ಟೆಯ ಮೇಲಿಟ್ಟಳು.

"ತಕಾ, ನಿನ್ನ ಹುಳ. ನೀರು ಹಾಕ್ದೆ, ಹೊರ್ಗೆ ಬಂದ್ವು. ನಿನ್ನ ಹಾಂಗೆ ನಳಿಗೆ ಕಚ್ಚೂಕೆ ನಂಗೆ ಬರೂದಿಲ್ಲ. ಕೆಸರು ಸಮೇತ ಬಾಚ್ಕಂಡೆ."

ನಿಶಾ ಬಗ್ಗಿ ನೋಡಿದಳು. ತಿಳಿನೀರು. ತಳದಲ್ಲಿ ಒಂದಿಷ್ಟು ಮಣ್ಣು, ಶಂಖದ ಹುಳ, ಕಾಲು ಮುರಿದ ಒಂದು ಮಿಡತೆ.

"ಸಣ್ಣವು ಎಲ್ಲಿ ಅತ್ತೆ?"

"ಅದ್ರಲ್ಲೇ ಅವೆ, ಸಮಾ ನೋಡು. ಹೊಳೆಯ ಬಳಚು ಚಿಪ್ಪು ತಂದ್ರೆ ಮಾಡ್ತ್ರಲ್ಲ, ಹಾಂಗೇ ಮಾಡ್ದೆ. ಕೆಸರು ಉಗುಳ್ಲಿ ಅಂತ ನೀರಲ್ಲಿಟ್ಟೆ. ಹೊಳೆಬದಿಗೇ ಕೂತು ಮತ್ತೆ ಮತ್ತೆ ನೀರು ಬದಲ್ಸ್ದೆ. ಮೇಲೆ ತೇಲಿದ್ ಕಸ ಎಲ್ಲಾ ಚೆಲ್ದೆ."

"ಕಸ?"

"ಹೌದೆ, ಕಪ್ಪು ಕಪ್ಪು ಕಸ. ಎಳ್ಳಿನ ಹಾಂಗೆ..." ಲಲಿತಾಳ ಬಾಯಿ ಅಲ್ಲಿಗೇ ನಿಂತಿತು.

ನಿಶಾಳಿಗೆ ನಗು ಬಂತು. ಆಷಾಢದ ನಂತರ ಆ ಮನೆಯಲ್ಲಿ ಯಾರೂ ಕೇಳದಿದ್ದ ಸದ್ದು. ಅವಳು ಬಾಯಿ ಮುಚ್ಚಿಕೊಂಡರೂ ಭುಜ ಕುಲುಕುತ್ತಲೇ ಇತ್ತು. ಲಲಿತಾ ಅವಳನ್ನೇ ನೋಡಿದಳು, ಆಮೇಲೆ ತಪ್ಪಲೆಯ ನೀರನ್ನು ಬಾಳೆಬುಡಕ್ಕೆ ಸುರಿದಳು.

"ನಳಿಗೆ ತಕಾ. ನಡಿ."

"ರಾಜು..."

"ಅವ ಕಟ್ಟೆ ಬಾಗ್ಲ ಹತ್ರ ಕಾಯಿ ಒಡೀತಾ ಇರ್ತ. ನಾವು ಕೇದಿಗೆ ಬದಿಯಿಂದ ಇಳಿವ." ಲಲಿತಾ ಸೀರೆ ಎತ್ತಿ ಕಟ್ಟಿದಳು. "ನಿನ್ನ ಮಾವ ತೀರ್ಕಂಡ ವರ್ಷ ನಾ ಮನೇಲೇ ಕೂತಿದ್ದೆ. ಹೊರ್ಗೆ ಮುಖ ಹಾಕ್ಲಿಲ್ಲ. ಆ ವರ್ಷನೂ ಮೀನು ಬರ್ಲಿಲ್ಲ."

ಕೇದಿಗೆಯ ಮುಳ್ಳು ಸರಿಸಿಕೊಂಡು ಇಬ್ಬರೂ ಕಟ್ಟೆಯ ಬುಡಕ್ಕೆ ಇಳಿದರು. ಆಚೆ ಬದಿಯಲ್ಲಿ ನೀರು ಕಟ್ಟೆಯ ಕಲ್ಲಿಗೆ ಬಡಿಯುವುದು ಕೇಳಿಸುತ್ತಿತ್ತು. ದೂರದಲ್ಲಿ ರಾಜು ಹಲಗೆಗೆ ಕೈ ಹಾಕಿದ್ದವನು ತಲೆ ಎತ್ತಿದ. ಇವರನ್ನು ಕಂಡ. ನಿಶಾ ಕುಕ್ಕರಗಾಲಿನಲ್ಲಿ ಕೂತಲ್ಲೇ ಬಿಗಿಯಾದಳು. ಲಲಿತಾ ಮಗನತ್ತ ನೋಡಲೇ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ರಾಜು ಹಲಗೆ ಬಿಟ್ಟು, ಗಾಳಿಗೆ ಬೆನ್ನು ತಿರುಗಿಸಿ ಬೀಡಿ ಹಚ್ಚತೊಡಗಿದ. ಬೀಡಿ ಹೊತ್ತಲು ಬಹಳ ಹೊತ್ತು ಹಿಡಿಯಿತು.

ಲಲಿತಾ ಬೊಗಸೆ ನೀರು ಸುರಿದಳು. ಕೆಸರು ಹೊಳೆಯಿತು, ಅಷ್ಟೆ. ಇನ್ನೊಂದು ಬೊಗಸೆ. ಬಿರುಕುಗಳಲ್ಲಿ ಗುಳ್ಳೆ ಎದ್ದವು. ಆಮೇಲೆ ಕಪ್ಪು ಚುಕ್ಕೆಗಳು ಒಂದೊಂದಾಗಿ ಹೊರಬಂದು ದಿಕ್ಕುಗೆಟ್ಟು ಹರಿದಾಡಿದವು.

"ಅಯ್ಯ, ಕೆಸರೇ ಓಡ್ತದೆ" ಎಂದಳು ಲಲಿತಾ.

ನಿಶಾ ಅವಳ ಮುಖ ನೋಡಿದಳು. ಲಲಿತಾ ಹುಳಗಳನ್ನೇ ನೋಡುತ್ತಿದ್ದಳು. ಒಂದು ಚುಕ್ಕೆ ಅವಳ ಹೆಬ್ಬೆರಳು ಹತ್ತಿ ಉಗುರಿನ ಅಂಚಿನಲ್ಲಿ ನಿಂತಿತು. ಅವಳು ಕೈ ಅಲುಗಿಸಲಿಲ್ಲ.

ನಿಶಾ ನಳಿಗೆಯ ಒಂದು ತುದಿ ಕಚ್ಚಿ, ಇನ್ನೊಂದನ್ನು ಅದರ ಹತ್ತಿರ ತಂದು ಉಸಿರು ಒಳಗೆಳೆದುಕೊಂಡಳು.