ಎರಡು ಇಂಚು ಜಾಸ್ತಿ

ಆಸ್ಪತ್ರೆಯ ಹಿರಿಯ ನರ್ಸು ಇಪ್ಪತ್ತು ಬಿಳಿ ಕೋಟುಗಳನ್ನು ಅಂಗಡಿಯ ಮೇಜಿನ ಮೇಲೆ ದೊಪ್ಪನೆ ಹಾಕಿ, ತಮ್ಮದನ್ನು ತೊಟ್ಟು ತೋರಿಸಿದರು. "ಇದರೊಳಗೆ ಇನ್ನೊಬ್ಬರನ್ನ ಬಾಡಿಗೆಗೆ ಇಟ್ಕೋಬಹುದು," ಎಂದರು.

ಮನೆಯ ಮುಂಭಾಗದಲ್ಲೇ ಇದ್ದ ಆ ಹೊಲಿಗೆ ಅಂಗಡಿಯಲ್ಲಿ ದುಡಿಯುವವರು ಮೂವರು. ಬಟ್ಟೆ ಕತ್ತರಿಸುವವಳು ಅಕ್ಕ, ಹೊಲಿಯುವವಳು ತಂಗಿ, ಕೌಂಟರಿನಲ್ಲಿ ಕೂರುವವನು ತಂಗಿಯ ಗಂಡ. ತಪ್ಪು ಯಾರದೆಂದು ಯಾರೂ ಕೇಳಲಿಲ್ಲ. ಕೇಳುವುದೇನಿದೆ? ಒಂಬತ್ತು ವರ್ಷದ ಹಿಂದೆ ಅಟ್ಟದಿಂದ ಬಟ್ಟೆಯ ಥಾನು ಇಳಿಸುವಾಗ ಏಣಿ ಜಾರಿ ತಲೆ ಒಡೆದುಕೊಂಡವಳು ಅಕ್ಕ. ಅಂದಿನಿಂದ ಇವತ್ತಿನದು ನಾಳೆಗೆ ಅವಳ ನೆನಪಿನಲ್ಲಿ ಉಳಿಯುವುದೇ ಅಪರೂಪ. ತಲೆಗೆ ಪೆಟ್ಟು ಬಿದ್ದವರೊಬ್ಬರು ಮನೆಯಲ್ಲಿದ್ದರೆ ಉಳಿದವರಿಗೆ ಬಲು ಅನುಕೂಲ. ಹಾಲು ಉಕ್ಕಲಿ, ಬೀಗದ ಕೈ ಕಳೆಯಲಿ, ಗೂಬೆ ಕೂರಿಸಲು ಒಂದು ತಲೆ ಸದಾ ಸಿದ್ಧವಿರುತ್ತದೆ.

"ಇವರದು ನಿಮಗೆ ಗೊತ್ತಲ್ಲ ಸಿಸ್ಟರ್," ತಂಗಿಯ ಗಂಡ ದನಿ ತಗ್ಗಿಸಿದ. ಅಕ್ಕ ಮಾರು ದೂರದಲ್ಲೇ ನಿಂತಿದ್ದಳು. "ನೆನಪು ವರ್ಷ ವರ್ಷ ಇನ್ನೂ ಕಮ್ಮಿ ಆಗ್ತಾ ಹೋಗತ್ತೆ ಅಂತ ಡಾಕ್ಟರು ಆಗಲೇ ಹೇಳಿದ್ರು. ಪಾಪ ಅಂತ ನಾವೇ ಬಿಟ್ಟಿದ್ವಿ. ಸೋಮವಾರದಿಂದ ಬೇರೆ ಕಟಿಂಗ್ ಮಾಸ್ಟರ್ ಬರ್ತಾರೆ." ಹಾಗೆಂದವನೇ ಅಕ್ಕನ ದೊಡ್ಡ ಕತ್ತರಿಯನ್ನು ಎತ್ತಿ ತನ್ನ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದ. ತಂಗಿ ಮೆಷಿನ್ನಿನ ಮುಂದೆ ತಲೆ ಬಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಲೇ ಇದ್ದಳು.

ಅಕ್ಕನಿಗೆ ಮೈಯೆಲ್ಲ ಉರಿಯಿತು. ಪಾಪವಂತೆ. ಏನು ಕಮ್ಮಿಯಾಗುತ್ತಿದೆ ಎಂದು ಇವರಿಗಿಂತ ಮೊದಲು ಅಳೆದವಳು ಅವಳೇ. ಮೆಷಿನ್ನಿನಲ್ಲಿ ಯಾವುದಾದ ಮೇಲೆ ಯಾವುದು ಎಂದು ಗಲಿಬಿಲಿಯಾದ ದಿನ ಮೆಷಿನ್ನು ಬಿಟ್ಟಳು. ರವಿಕೆಯ ಕಂಕುಳ ತಿರುವು ತಪ್ಪಿದ ದಿನ ರವಿಕೆ ಬಿಟ್ಟಳು. ಉಳಿದದ್ದು ನೇರ ಕತ್ತರಿಸುವ ಕೋಟು, ಷರಟು. ಅವನ್ನು ಮಾತ್ರ ಯಾರಿಗೂ ಬಿಟ್ಟುಕೊಡದಂತೆ ಹಿಡಿದುಕೊಂಡಿದ್ದಳು, ಚೆನ್ನಾಗಿಯೇ ಮಾಡುತ್ತಿದ್ದಳು. ಬೆಳಗ್ಗೆ ಕತ್ತರಿ ಕೈಗೆ ಬಂದರೆ ಅವಳ ದಿನಕ್ಕೆ ಒಂದು ದಾರಿ ಸಿಗುತ್ತಿತ್ತು. ಅದಿಲ್ಲದ ದಿನ ಹೇಗಿರುತ್ತದೆಂದು ಆಸ್ಪತ್ರೆಯ ಹಾಸಿಗೆಯಲ್ಲಿ ಆರು ತಿಂಗಳು ನೋಡಿದ್ದಳು.

ನಾನು ಮಾಡಿಲ್ಲ ಎಂದು ನಾಲಿಗೆಯ ತುದಿಗೆ ಬಂತು. ಹೇಳುವುದು ಹೇಗೆ? ಕತ್ತರಿಸಿದ್ದೇ ನೆನಪಿಲ್ಲದವಳು ಯಾವ ಬಾಯಲ್ಲಿ ಆಣೆ ಇಟ್ಟಾಳು? ಅವಳು ಸೀದಾ ಗೋಡೆಯ ಹತ್ತಿರ ಹೋಗಿ ಚೀಟಿಗಳ ತಂತಿಯನ್ನು ಕೆಳಗಿಳಿಸಿದಳು.

ಒಬ್ಬೊಬ್ಬರ ಅಳತೆಗೆ ಒಂದೊಂದು ಚೀಟಿ. ಬಟ್ಟೆ ಹಾಸಿಕೊಂಡು, ಚೀಟಿಯಲ್ಲಿದ್ದ ಎದೆಯ ಸುತ್ತಳತೆಗೆ ಹೊಲಿಗೆಗೂ ಸಡಿಲಕ್ಕೂ ಇರುವ ಇಂಚುಗಳನ್ನು ಸೇರಿಸಿ ಗುರುತು ಹಾಕಿದ ಕೂಡಲೇ ಚೀಟಿಯ ಒಂದು ಮೂಲೆ ಕತ್ತರಿಸುವುದು ಅವಳ ಕ್ರಮ. ಸೇರಿಸಿದೆನೋ ಇಲ್ಲವೋ ಎಂದು ತಲೆಯನ್ನು ಕೇಳಿದರೆ ತಲೆ ಸುಳ್ಳು ಹೇಳುತ್ತದೆ, ಮೂಲೆ ಹೇಳುವುದಿಲ್ಲ. ಮನೆಯವರು ಅದನ್ನು ಕೈ ಸುಮ್ಮನಿರದವಳ ಚಟ ಎಂದುಕೊಂಡಿದ್ದರು.

ಇಪ್ಪತ್ತು ಚೀಟಿಯಲ್ಲೂ ಒಂದೊಂದೇ ಮೂಲೆ ಕತ್ತರಿಸಿತ್ತು. ಅಂದರೆ ಸೇರಿಸಿದ್ದು ಒಂದೇ ಸಲ. ಮತ್ತೆ ಇಷ್ಟು ಅಗಲ ಎಲ್ಲಿಂದ ಬಂತು? ಚೀಟಿಗಳನ್ನು ಬೆಳಕಿಗೆ ಹಿಡಿದಳು. ಅಂಕಿಗಳು ನೆಟ್ಟಗೆ, ಗುಂಡಗೆ, ಮುದ್ದಾಗಿದ್ದವು.

"ಇದು ನನ್ನ ಕೈಬರಹ ಅಲ್ಲ," ಎಂದಳು. "ಇಷ್ಟು ಚೆಂದ ಬರೆಯೋದು ನಿಂತು ಒಂಬತ್ತು ವರ್ಷ ಆಯ್ತು. ಸಿಸ್ಟರ್, ಕೋಟು ತೆಗೆದು ಒಂದು ನಿಮಿಷ ನಿಂತ್ಕೊಳಿ." ಟೇಪು ಸುತ್ತಿ ನೋಡಿದಳು. ಮೂವತ್ತಾರು. ನರ್ಸಿನ ಹೆಸರಿದ್ದ ಚೀಟಿಯಲ್ಲಿ ಮೂವತ್ತೆಂಟು.

ಮೆಷಿನ್ನಿನ ಮುಂದೆ ಕೂತವಳ ಕೈಯಿಂದ ದಾರ ಜಾರಿತು. "ಹೋದ ತಿಂಗಳು ಆ ಬ್ಯಾಂಕಿನವರ ಷರಟು ಬಿಗಿ ಆಗಿತ್ತಲ್ಲಕ್ಕಾ," ತಂಗಿ ನೆಲ ನೋಡುತ್ತ ಹೇಳಿದಳು. "ನೀನು ಸೇರಿಸೋದು ಮರೀತಿದ್ದೀಯ ಅಂದ್ಕೊಂಡೆ. ಅದಕ್ಕೇ ಎಲ್ಲಾ ಚೀಟಿನೂ ಎರಡೆರಡು ಇಂಚು ಜಾಸ್ತಿ ಮಾಡಿ ಬರೆದಿಟ್ಟೆ. ನಿನಗೆ ಬೇಜಾರಾಗಬಾರದು ಅಂತ ಹೇಳಲಿಲ್ಲ."

"ಆ ಬ್ಯಾಂಕಿನವರಾ?" ನರ್ಸು ನಕ್ಕರು. "ಹಳೇ ಅಳತೆಗೇ ಹೊಲಿಸಿರ್ತಾರೆ. ಅವರ ಹೊಟ್ಟೆ ನೋಡಿದೀರಾ ಈಚೆಗೆ?"

ಅಕ್ಕ ನಗಲಿಲ್ಲ. "ಅಕ್ಕಾ ಸೇರಿಸಿದ್ಯಾ ಅಂತ ಒಂದು ಮಾತು ಕೇಳೋಕೆ ನಿನ್ನ ಬಾಯಿಗೆ ಏನಾಗಿತ್ತು? ಏಣಿಯಿಂದ ಬಿದ್ದಿದ್ದು ನಾನಾ ನೀನಾ? ನನ್ನ ಮರೆವಿಗೆ ನಾನು ಮದ್ದು ಮಾಡ್ಕೊಂಡಿದೀನಿ. ನಿನ್ನ ಉಪಕಾರಕ್ಕೆ ಎಲ್ಲಿಂದ ತರಲಿ ಮದ್ದು?"

"ಹೋಗ್ಲಿ ಬಿಡಕ್ಕ, ನಿನ್ನ ಒಳ್ಳೇದಕ್ಕೇ ಅಲ್ವಾ ಅವಳು..." ಎಂದು ತಂಗಿಯ ಗಂಡ ಬಾಯಿ ಹಾಕಿದ.

"ನೀನು ಸುಮ್ನಿರು. ನನ್ನ ಮುಂದೆ ನಿಂತು ನನ್ನ ಬಗ್ಗೆ ಪಿಸುಗುಟ್ಟಿದವನು ನೀನು. ನನಗೆ ಮರೆವು ಬಂದಿರೋದು, ಕಿವುಡು ಬಂದಿಲ್ಲ." ಅವಳು ತಂಗಿಯ ಕಡೆಗೇ ತಿರುಗಿದಳು. "ಕತ್ತರಿಗೆ ಬೀಗ ಬೀಳೋವಾಗ ನೀನು ದಾರ ಪೋಣಿಸ್ತಾ ಇದ್ದೆ. ಯಾಕೆ?"

ತಂಗಿ ಜಾರಿದ ದಾರವನ್ನು ಎತ್ತಿಕೊಂಡಳು. "ನಾಳೆಗೆ ನಿನಗೆ ಮರೆತುಹೋಗತ್ತೆ ಅಂದ್ಕೊಂಡೆ," ಎಂದಳು.

ಅಕ್ಕ ಟೇಪನ್ನು ಮೇಜಿನ ಮೇಲೆ ಎಸೆದಳು. ಹಿಂದೆ ಎಷ್ಟು ಸಲ ಹೀಗೆ ಅಂದುಕೊಂಡರೋ, ಎಷ್ಟು ತಪ್ಪು ತನ್ನ ಲೆಕ್ಕಕ್ಕೆ ಬಂದು ಮರುದಿನ ಆವಿಯಾಯಿತೋ. ಇನ್ನೆಂದೂ ಗೊತ್ತಾಗುವ ಹಾಗಿರಲಿಲ್ಲ. ಆ ಯೋಚನೆಗೇ ಅವಳಿಗೆ ಹೆಚ್ಚು ಸಿಟ್ಟು ಬಂತು. ನರ್ಸು ಮೆಲ್ಲನೆ ಕೋಟು ಮಡಚಿಟ್ಟು, ಒಂದು ವಾರದಲ್ಲಿ ಎಲ್ಲ ಕೋಟಿನ ಅಗಲ ಹಿಡಿದುಕೊಡಿ ಎಂದು ಹೊರಟರು. ಡ್ರಾಯರು ತೆಗೆಯಲಿಲ್ಲ. ನಾಳೆ ನೋಡೋಣ ಎಂದ ತಂಗಿಯ ಗಂಡ.

ಬೆಳಗಾದಾಗ ಅಕ್ಕನ ತಲೆಯಲ್ಲಿ ನರ್ಸು ಇರಲಿಲ್ಲ, ಕೋಟು ಇರಲಿಲ್ಲ. ತಂಗಿ ಎಂದಿಗಿಂತ ಹೆಚ್ಚು ಸಕ್ಕರೆ ಹಾಕಿದ ಚಹಾ ತಂದು ಎದುರಿಗಿಟ್ಟು, "ನಿದ್ದೆ ಬಂತಾ ಅಕ್ಕ?" ಎಂದು ಬೆಣ್ಣೆಯಂಥ ದನಿಯಲ್ಲಿ ಕೇಳಿದಳು. ಅಕ್ಕ ಲೋಟ ಮುಟ್ಟಲಿಲ್ಲ.

"ನಿನ್ನ ಮುಖ ನೋಡಿದ್ರೆ ಮೈ ಉರೀತಾ ಇದೆ," ಎಂದಳು. "ಯಾಕೆ ಅಂತ ಗೊತ್ತಾಗ್ತಿಲ್ಲ. ಏನು ಮಾಡಿದೆ ಹೇಳು."

"ಏನೂ ಇಲ್ಲಕ್ಕ. ಕೆಟ್ಟ ಕನಸು ಬಿದ್ದಿರಬೇಕು."

"ಕನಸಾಗಿದ್ರೆ ಎದ್ದ ಮೇಲೆ ಇಳೀಬೇಕಿತ್ತು. ಇದು ನಿನ್ನನ್ನ ನೋಡಿದ ಮೇಲೆ ಏರ್ತಾ ಇದೆ. ಹೇಳು."

ಇನ್ನೊಂದು ಸುಳ್ಳು ಸಾಕಿತ್ತು. ಅದೂ ನಾಳೆಗೆ ಅಳಿಸಿಹೋಗುತ್ತಿತ್ತು. ತಂಗಿ ಅಕ್ಕನ ಎದುರು ಕುಳಿತು, ಚೀಟಿಗಳಿಂದ ಹಿಡಿದು ದಾರ ಪೋಣಿಸಿದ್ದರವರೆಗೆ ಎಲ್ಲ ಹೇಳಿದಳು. ಅಕ್ಕ ಮೊದಲ ಸಲ ಕೇಳಿದಷ್ಟೇ ಸಿಟ್ಟಿನಿಂದ ಬೈದಳು. ಏಣಿಯಿಂದ ಬಿದ್ದಿದ್ದು ನಾನಾ ನೀನಾ ಎಂಬಲ್ಲಿಗೆ ಬಂದಾಗ ತಂಗಿ ಅಳುತ್ತಿದ್ದಳು. ಗಂಡ ಸ್ನಾನಕ್ಕೆ ಹೋಗಿದ್ದ. ಅವಳು ಎದ್ದು ಹೋಗಿ ಅವನ ಷರಟಿನ ಜೇಬಿನಿಂದ ಬೀಗದ ಕೈ ತೆಗೆದು, ಡ್ರಾಯರು ತೆರೆದು, ಕತ್ತರಿಯನ್ನು ಅಕ್ಕನ ಮುಂದಿಟ್ಟಳು.

ಅಕ್ಕ ಬೆರಳು ತೂರಿಸಿ ಒಮ್ಮೆ ಕತ್ತರಿಯ ಬಾಯಿ ತೆರೆದು ಮುಚ್ಚಿ ನೋಡಿದಳು. "ಇವತ್ತಿಂದೂ ಮರೆತುಹೋಗತ್ತೆ," ಎಂದಳು. "ನಾಳೆನೂ ಕೇಳ್ತೀನಿ. ನಾಳೆನೂ ಹೀಗೇ ಪೂರ್ತಿ ಹೇಳ್ಬೇಕು ನೀನು."

"ಎಷ್ಟು ದಿನ ಅಕ್ಕಾ?"

"ನನ್ನ ಸಿಟ್ಟು ಇಳಿಯೋವರೆಗೆ."